ಕೂತ ಕಪ್ಪೆ, ಜಿಗಿದ ಕಪ್ಪೆ

“ಮೇಡಂ, ಓದಿದವರೆಲ್ಲ ಸರಿಯಾಗಿದೆ ಎಂದಿದ್ದಾರೆ. ಇನ್ನೂ ದೇವರಮನಿ ಸರ್‌ಗೆ ತೋರಿಸಲೇಬೇಕೆ?”

ಕೇಳಿದವಳು ಶಾಹೀನ ನದಾಫ. ಕಪ್ಪೆಗಳ ಚರ್ಮಕ್ಕೆ ತಗಲುವ ಬೂಸ್ಟು ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಪ್ರಬಂಧದ ಕೊನೆಯ ಅಧ್ಯಾಯ ಆಗಷ್ಟೇ ಮುಗಿದಿತ್ತು. ಒಂದು ಊರಿನ ಕೆರೆಯ ಕಪ್ಪೆಗಳಿಗೆಲ್ಲ ರೋಗ ಹಬ್ಬಿದೆ, ಆದ್ದರಿಂದ ಕೆರೆಯನ್ನು ಬರಿದು ಮಾಡಿ ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಬೇಕು ಎಂಬುದು ಅದರ ತೀರ್ಮಾನ. ಕೆರೆ ನೋಡಿಕೊಳ್ಳುವ ಇಲಾಖೆಯವರು ಆ ತೀರ್ಮಾನಕ್ಕೇ ಕಾಯುತ್ತಿದ್ದರು. ಕೆರೆ ತುಂಬಿಸುವುದು ಇಲಾಖೆಗೆ ಕಷ್ಟ. ಬರಿದು ಮಾಡುವುದು ಸುಲಭ. ಆ ಊರಿಗೆ ಬೇರೆ ಕೆರೆ ಇರಲಿಲ್ಲ.

ದೇವರಮನಿ ಸರ್ ಸಂಖ್ಯಾಶಾಸ್ತ್ರ ವಿಭಾಗದವರು. ಮೇಲಿನ ಮಹಡಿಯಲ್ಲಿ ಕೂರುತ್ತಿದ್ದರು. ಯಾವ ಪ್ರಬಂಧವನ್ನೂ ಒಂದೇ ಸಲಕ್ಕೆ ಒಪ್ಪಿದವರಲ್ಲ. ತಮ್ಮ ಮದುವೆಯ ಆಮಂತ್ರಣ ಪತ್ರಿಕೆಯನ್ನೂ ಆಧಾರ ಸಾಲದು ಎಂದು ವಾಪಸು ಕಳಿಸಿದ್ದರು ಎಂದು ಹುಡುಗರು ಹೇಳಿಕೊಂಡು ನಗುತ್ತಿದ್ದರು.

ಅವಳ ಮಾರ್ಗದರ್ಶಕಿ ಪ್ರೊಫೆಸರ್ ಅಂಬುಜಾಕ್ಷಿ ಗಂಬೂಟು ತೊಳೆಯುತ್ತಿದ್ದರು. ಒಂದು ನೀರಿನ ರೋಗ ಇನ್ನೊಂದು ನೀರಿಗೆ ಹೋಗಬಾರದೆಂದು ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಬೂಟು ತೊಳೆಯುವುದು ಆ ಪ್ರಯೋಗಾಲಯದ ನಿಯಮ. ಪೂಜೆ, ನಮಾಜು ಬಿಟ್ಟವರೂ ಅದನ್ನು ಬಿಡುತ್ತಿರಲಿಲ್ಲ.

“ಯಾರ್ಯಾರು ಓದಿದರು?”

“ಲ್ಯಾಬಿನ ಜೂನಿಯರ್‌ಗಳೆಲ್ಲ ಓದಿದರು. ಹಾಸ್ಟೆಲಿನ ರೂಮ್‌ಮೇಟ್ ಓದಿದಳು. ನಮ್ಮ ಚಾಚಾ ಕೂಡ ಓದಿದರು, ಹೈಸ್ಕೂಲ್ ಮಾಸ್ತರರು. ಬಹಳ ಹೊಗಳಿದರು, ಮೇಡಂ.”

“ಒಳ್ಳೆಯದು. ಕೂತುಕೋ, ಒಂದು ಕತೆ ಹೇಳುತ್ತೇನೆ.”

“ದೊಡ್ಡ ಕತೆಯಾ? ನಾಳೆ ಸಲ್ಲಿಸಬೇಕು.”

“ಬೂಟು ಒಣಗುವಷ್ಟು ಹೊತ್ತು.”

ಬೂಟುಗಳನ್ನು ಕಿಟಕಿಯಲ್ಲಿ ತಲೆಕೆಳಗಾಗಿ ಇಟ್ಟು ಅವರು ಹೇಳತೊಡಗಿದರು.

ಒಬ್ಬ ಪ್ರಾಧ್ಯಾಪಕನಿಗೆ ಇಬ್ಬರು ಶಿಷ್ಯರಿದ್ದರು. ಒಬ್ಬ ಕಬಡ್ಡಿಯವ. ಇನ್ನೊಬ್ಬ ಊಟದವ. ಕಬಡ್ಡಿಯವ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದ. ಆಡುವುದನ್ನು ಬಿಟ್ಟ ಮೇಲೂ ಅದನ್ನು ಹೇಳುವುದನ್ನು ಬಿಟ್ಟಿರಲಿಲ್ಲ. ಊಟದವ ಕ್ಷೇತ್ರಕಾರ್ಯಕ್ಕೆ ಹೊರಡುವಾಗ ಮೊದಲು ಬುತ್ತಿ ಕಟ್ಟುತ್ತಿದ್ದ, ಆಮೇಲೆ ಸಾಮಾನು ಕಟ್ಟುತ್ತಿದ್ದ. ಇಬ್ಬರೂ ಪ್ರಾಮಾಣಿಕರು.

ಒಂದು ಗುಡ್ಡದ ಎರಡು ಮಗ್ಗುಲಲ್ಲಿ ಎರಡು ಹಳ್ಳಗಳಿದ್ದವು. ಮೂಡಣ ಹಳ್ಳ ಊಟದವನಿಗೆ, ಪಡುವಣ ಹಳ್ಳ ಕಬಡ್ಡಿಯವನಿಗೆ. ಸಂಜೆ ಹೋಗಬೇಕು, ಗೊತ್ತುಮಾಡಿದಷ್ಟು ಕಪ್ಪೆ ಹಿಡಿಯಬೇಕು. ಪ್ರತಿ ಕಪ್ಪೆಗೂ ಹೊಸ ಕೈಗವಸು, ಹೊಸ ಚೀಲ, ಹೊಸ ಹತ್ತಿಕಡ್ಡಿ. ಹೊಟ್ಟೆ, ತೊಡೆ, ಬೆರಳುಗಳನ್ನು ಕಡ್ಡಿಯಿಂದ ಒರೆಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಕಡ್ಡಿ ಪ್ರಯೋಗಾಲಯಕ್ಕೆ, ಕಪ್ಪೆ ಹಳ್ಳಕ್ಕೆ. ಇಬ್ಬರೂ ಹಾಗೆಯೇ ಮಾಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಪಡುವಣ ಹಳ್ಳದಲ್ಲಿ ರೋಗ ಇಲ್ಲವೆನ್ನುವಷ್ಟು ಕಡಿಮೆ. ಮೂಡಣ ಹಳ್ಳದಲ್ಲಿ ಒರೆಸಿದ ಕಪ್ಪೆಗಳೆಲ್ಲ ಹೆಚ್ಚುಕಡಿಮೆ ರೋಗಿಗಳೇ.

ಪ್ರಾಧ್ಯಾಪಕನಿಗೆ ಖುಷಿಯಾಯಿತು. ಇಷ್ಟು ಚಂದದ ವ್ಯತ್ಯಾಸ ಸಿಗುವುದು ಅಪರೂಪ. ಕಾರಣವೂ ಬೇಗ ಸಿಕ್ಕಿತು: ಮೂಡಣ ಹಳ್ಳದಲ್ಲಿ ಎಮ್ಮೆಗಳು ಮಲಗುತ್ತಿದ್ದವು, ಪಡುವಣದಲ್ಲಿ ಇಲ್ಲ. ಮೂಡಣ ಹಳ್ಳಕ್ಕೆ ಬೇಲಿ ಹಾಕಿ ಎಮ್ಮೆಗಳನ್ನು ತಡೆಯಬೇಕು ಎಂದು ವರದಿಯ ಕರಡು ತಯಾರಾಯಿತು.

ಸುದ್ದಿ ತಿಳಿದು ಎಮ್ಮೆ ಮೇಯಿಸುವವ ಬಂದ.

“ಸಾಹೇಬರೇ, ಕಪ್ಪೆಯ ಕಾಯಿಲೆ ಎಮ್ಮೆಗೆ ಬರುತ್ತದೆಯೇ?”

“ಇಲ್ಲ.”

“ಎಮ್ಮೆಯ ಕಾಯಿಲೆ ಕಪ್ಪೆಗೆ?”

“ಅದನ್ನು ಇನ್ನೂ ನೋಡಬೇಕು.”

“ಹಾಗಾದರೆ ನೋಡುವವರೆಗೆ ಎಮ್ಮೆಗಳನ್ನು ನಿಮ್ಮ ಮನೆಯ ಬಚ್ಚಲಿನಲ್ಲಿ ಮಲಗಿಸಿಕೊಳ್ಳಿ. ಸುತ್ತಮುತ್ತ ಬೇರೆ ನೀರಿಲ್ಲ,” ಎಂದು ಅವನು ಹೊರಟುಹೋದ.

ಅಷ್ಟರಲ್ಲಿ ಊಟದವನ ಸೋದರತ್ತೆಯ ಮಗಳ ಮದುವೆ ಬಂತು. ಅಂಥ ಸಂದರ್ಭಗಳನ್ನು ಅವನು ತಪ್ಪಿಸುತ್ತಿರಲಿಲ್ಲ. ಅವನು ಇಲ್ಲದ ದಿನಗಳಲ್ಲಿ ಮೂಡಣ ಹಳ್ಳಕ್ಕೆ ಕಬಡ್ಡಿಯವ ಹೋದ. ಕಡ್ಡಿಗಳನ್ನು ಪರೀಕ್ಷಿಸಿದರೆ, ಮೂಡಣ ಹಳ್ಳದ ಕಪ್ಪೆಗಳಿಗೆ ಗುಣವಾಗಿತ್ತು.

ಪ್ರಾಧ್ಯಾಪಕ ಯೋಚಿಸಿದ. ಬೇಲಿ ಇನ್ನೂ ಹಾಕಿರಲಿಲ್ಲ. ಬೇಲಿಯ ಸುದ್ದಿಗೇ ರೋಗ ಓಡಿಹೋಯಿತು ಎಂದು ಬರೆಯಲು ಅವನಿಗೂ ನಾಚಿಕೆಯಾಯಿತು.

ಮದುವೆ ಮುಗಿಸಿ ಊಟದವ ಇನ್ನಷ್ಟು ತುಂಬಿಕೊಂಡು ಬಂದ. ಅವನನ್ನು ಪಡುವಣ ಹಳ್ಳಕ್ಕೆ ಕಳಿಸಿದರು. ಅಲ್ಲಿನ ಕಪ್ಪೆಗಳು ಕಾಯಿಲೆ ಬಿದ್ದವು.

ಈಗ ಒಂದು ಸಂಗತಿ ಸ್ಪಷ್ಟವಾಯಿತು. ರೋಗ ಊಟದವನ ಜೊತೆಗೆ ಓಡಾಡುತ್ತಿತ್ತು. ಕಬಡ್ಡಿಯವ ಅವನ ಪಕ್ಕ ಕೂರುವುದನ್ನು ಬಿಟ್ಟ. ಬೂಟು ತೊಳೆಯಲಿಲ್ಲವೇ ಎಂದು ಪ್ರಾಧ್ಯಾಪಕ ಕೇಳಿದ. ತೊಳೆದಿದ್ದ. ಪ್ರಾಧ್ಯಾಪಕ ತನ್ನ ಎದುರಿಗೇ ಇನ್ನೊಮ್ಮೆ ತೊಳೆಸಿದ. ಹೊಸ ಬೂಟು ತರಿಸಿದ. ಕಡ್ಡಿಗಳನ್ನು ಬೇರೆ ಅಂಗಡಿಯಿಂದ ತರಿಸಿದ. ಆದರೂ ಊಟದವ ಹೋದಲ್ಲೆಲ್ಲ ರೋಗ, ಕಬಡ್ಡಿಯವ ಹೋದಲ್ಲೆಲ್ಲ ಆರೋಗ್ಯ. ಊಟದವ ಬೇಸರದಿಂದ ಒಂದು ಹೊತ್ತು ಉಪವಾಸವನ್ನೂ ಮಾಡಿದ. ಪ್ರಯೋಜನವಾಗಲಿಲ್ಲ.

ಕೊನೆಗೆ ಪ್ರಾಧ್ಯಾಪಕ ತಾನೇ ಹಳ್ಳದ ದಂಡೆಯ ಮೇಲೆ ಕೂತು ಇಬ್ಬರನ್ನೂ ನೋಡಿದ. ಅದನ್ನು ಮೊದಲೇ ಮಾಡಬಹುದಾಗಿತ್ತು. ಆದರೆ ದಂಡೆಯಲ್ಲಿ ಸೊಳ್ಳೆಗಳಿದ್ದವು.

ಊಟದವ ನಿಧಾನವಾಗಿ ನಡೆದ. ಕಪ್ಪೆಗಳು ಅತ್ತಿತ್ತ ಜಿಗಿದವು. ಜಿಗಿಯದೆ ಕೂತದ್ದನ್ನು ಅವನು ಬಗ್ಗಿ ಎತ್ತಿಕೊಂಡ. ಕಬಡ್ಡಿಯವ ಅದೇ ದಂಡೆಯಲ್ಲಿ ಬಂದ. ಕೂತ ಕಪ್ಪೆಯನ್ನು ದಾಟಿ, ಜಿಗಿದ ಕಪ್ಪೆಯ ಹಿಂದೆ ಹಾರಿ, ಗಾಳಿಯಲ್ಲೇ ಹಿಡಿದ.

“ಕಾಲ ಬುಡದಲ್ಲಿದ್ದುದನ್ನು ಯಾಕೆ ಬಿಟ್ಟೆ?” ಎಂದು ಪ್ರಾಧ್ಯಾಪಕ ಕೇಳಿದ.

“ಕೂತದ್ದನ್ನು ಹಿಡಿದರೆ ಹಿಡಿದ ಹಾಗೆಯೇ, ಸರ್? ಅದನ್ನು ನಮ್ಮ ಅಜ್ಜಿಯೂ ಹಿಡಿಯುತ್ತಾಳೆ.”

“ಅಜ್ಜಿಯನ್ನೇ ಕರೆದುಕೊಂಡು ಬರಬೇಕಿತ್ತು ಮಾರಾಯ, ನನ್ನ ಸೊಂಟ ಉಳಿಯುತ್ತಿತ್ತು,” ಎಂದ ಊಟದವ.

ಪ್ರಾಧ್ಯಾಪಕನಿಗೆ ಅರ್ಥವಾಯಿತು. ಆ ಬೂಸ್ಟು ಚರ್ಮಕ್ಕೆ ಹಿಡಿದ ಮೇಲೆ ಕಪ್ಪೆ ಮಂಕಾಗುತ್ತದೆ. ಜಿಗಿಯಲಾರದೆ ಕೂತಿರುತ್ತದೆ. ಊಟದವ ರೋಗಿಗಳನ್ನಷ್ಟೇ ಹಿಡಿದಿದ್ದ, ಕಬಡ್ಡಿಯವ ಆರೋಗ್ಯವಂತರನ್ನಷ್ಟೇ. ಕೈಗವಸು, ಕಡ್ಡಿ, ಬೂಟು ಎಲ್ಲವೂ ಶುದ್ಧವಾಗಿದ್ದವು. ಇಬ್ಬರೂ ಹಳ್ಳವನ್ನು ಅಳೆದಿರಲಿಲ್ಲ. ಒಬ್ಬ ತನ್ನ ಸೊಂಟವನ್ನು ಅಳೆದಿದ್ದ, ಇನ್ನೊಬ್ಬ ತನ್ನ ಪೌರುಷವನ್ನು.

ಮರುದಿನ ದಂಡೆಯುದ್ದಕ್ಕೂ ಹಗ್ಗ ಎಳೆದರು. ಹಗ್ಗದಲ್ಲಿ ಅಲ್ಲಲ್ಲಿ ಗಂಟು. ಗಂಟಿನ ಬಳಿ ಮೊದಲು ಕಂಡ ಕಪ್ಪೆ ಕೂತರೂ ಅದೇ, ಜಿಗಿದರೂ ಅದೇ. ಸಿಗುವವರೆಗೆ ಬೇರೆಯದನ್ನು ಮುಟ್ಟುವಂತಿಲ್ಲ. ಊಟದವ ಹಲವು ಸಲ ನೀರಿಗೆ ಬಿದ್ದ. ಕಬಡ್ಡಿಯವ ಕೂತ ಕಪ್ಪೆಯನ್ನು ಎತ್ತುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿಕೊಂಡ. ಆಮೇಲೆ ನೋಡಿದರೆ ಎರಡು ಹಳ್ಳಗಳಲ್ಲೂ ರೋಗ ಒಂದೇ ಪ್ರಮಾಣದಲ್ಲಿತ್ತು. ವರದಿ ಹರಿದುಹಾಕಿದರು. ಬೇಲಿ ಬರಲಿಲ್ಲ. ಎಮ್ಮೆಗಳು ಈ ವಿವಾದದ ಅಷ್ಟೂ ಕಾಲವನ್ನು ನೀರಿನಲ್ಲಿ ಮಲಗಿಯೇ ಕಳೆದವು.

ಶಾಹೀನ ನಗುತ್ತಿದ್ದಳು.

“ಊಟದವರು ಈಗ ಏನು ಮಾಡುತ್ತಿದ್ದಾರೆ, ಮೇಡಂ?”

“ಡೀನ್ ಆಗಿದ್ದಾನೆ. ಬಗ್ಗುವ ಕೆಲಸ ಇಲ್ಲ.”

ಶಾಹೀನ ಕಣ್ಣು ಒರೆಸಿಕೊಂಡು ಎದ್ದಳು. ಪ್ರಬಂಧವನ್ನು ಎದೆಗೆ ಒತ್ತಿಕೊಂಡಳು. ಅವಳ ಮುಖದಲ್ಲಿ ನಿರಾಳವಿತ್ತು.

“ಕತೆ ಚೆನ್ನಾಗಿದೆ. ಆದರೆ ನನಗೆ ಆ ಭಯ ಇಲ್ಲ, ಮೇಡಂ. ನಾನು ಕೆರೆಯ ದಂಡೆಗೆ ಮೊದಲ ದಿನವೇ ಹಗ್ಗ ಹಾಕಿದ್ದೆ. ಗಂಟಿನ ಬಳಿ ಕಂಡದ್ದನ್ನೇ ಹಿಡಿದಿದ್ದೇನೆ, ಜಿಗಿದದ್ದನ್ನೂ ಸೇರಿಸಿ. ಮೂರು ಸಲ ಕೆರೆಗೆ ಬಿದ್ದಿದ್ದೇನೆ. ಹಾಗಾದರೆ ನಾಳೆ ಸಲ್ಲಿಸಲೇ?”

ಅಂಬುಜಾಕ್ಷಿ ಕಿಟಕಿಯಿಂದ ಬೂಟುಗಳನ್ನು ತೆಗೆದು ಒಳಗೆ ಕೈಹಾಕಿ ನೋಡಿದರು. ಒಣಗಿದ್ದವು.

“ಕಪ್ಪೆಗಳಿಗೆ ಹಗ್ಗ ಹಾಕಿದ್ದೀಯ, ಸರಿ, ನಿನ್ನ ಪ್ರಬಂಧ ಓದಿ ಹೌದು ಎಂದವರಲ್ಲಿ, ಇಲ್ಲ ಎಂದು ಜಿಗಿಯಬಲ್ಲವರು ಯಾರಿದ್ದರು?”

ಶಾಹೀನ ಪ್ರಬಂಧ ಹಿಡಿದು, ದೇವರಮನಿ ಸರ್ ಕೂರುವ ಮೇಲಿನ ಮಹಡಿಯ ಮೆಟ್ಟಿಲು ಹತ್ತಿದಳು.