ಶಾಲೆಯ ಬಾಗಿಲಿಗೆ ಬೇವು

ಎರಡನೇ ಕ್ಲಾಸಿನ ಹುಡುಗಿಗೆ ಮೈತುಂಬ ಸೀತಾಳೆ ಸಿಡುಬು ಎದ್ದಿತ್ತು. ಅದೇ ದಿನ ಶಾಲೆಗೆ ಶಾಸಕರು ಬರುವವರಿದ್ದರು.

"ಅಮ್ಮ ಆಗಿದೆ ಸಾರ್, ಮಕ್ಕಳನ್ನ ಮನೆಗೆ ಕಳಿಸೋಣ" ಅಂದಳು ಆಯಾ.

ಶಾಲಾ ಸಮಿತಿಯ ಅಧ್ಯಕ್ಷ ಚನ್ನವೀರಪ್ಪನವರು ಗದರಿದರು. "ಈ ವಿಷಯ ಯಾರೂ ಬಾಯಿ ಬಿಡಕೂಡದು. ಹೋಗಿ ಬಾಗಿಲಿಗೆ ತೋರಣ ಕಟ್ಟು."

ಆಯಾ ಬಾಯಿ ಬಿಡಲಿಲ್ಲ. ಬೇವಿನ ಸೊಪ್ಪು ತಂದು ಶಾಲೆಯ ಬಾಗಿಲಿಗೆ ಕಟ್ಟಿದಳು. ಬಾಗಿಲಲ್ಲಿ ಬೇವು ಕಂಡರೆ ಒಳಗೆ ಅಮ್ಮ ಬಂದಿದ್ದಾಳೆ ಎಂದೇ ಆ ಊರಿನವರ ಲೆಕ್ಕ. ಕಂಡ ತಾಯಂದಿರು ಮಕ್ಕಳನ್ನು ಕರೆದುಕೊಂಡು ಹೊರಟರು. ಶಾಸಕರ ಕಾರು ಗೇಟಿನಿಂದಲೇ ಹಿಂದಕ್ಕೆ ತಿರುಗಿತು.

"ಬಾಯಿ ಬಿಡಬೇಡ ಅಂತ ಹೇಳಿರಲಿಲ್ವಾ?" ಅಂಗಳದಲ್ಲಿ ನಿಂತು ಅಧ್ಯಕ್ಷರು ಕೂಗಾಡಿದರು.

"ಬಿಟ್ಟಿಲ್ಲ ಸಾರ್. ತೋರಣ ಕಟ್ಟಿದೆ ಅಷ್ಟೆ. ಎಲ್ಲಿ ಹುಡುಕಿದರೂ ಮಾವಿನೆಲೆ ಸಿಗಲಿಲ್ಲ."

ಅಧ್ಯಕ್ಷರು ತಲೆ ಎತ್ತಿ ನೋಡಿದರು. ಅವರು ನಿಂತದ್ದು ಮಾವಿನ ಮರದ ನೆರಳಿನಲ್ಲಿ.