ತಿಂಡಿಯ ಯೋಚನೆ

ಸ್ಪಿತಿಯ ಬೆಟ್ಟದಲ್ಲಿ, ಬೌದ್ಧ ವಿಹಾರದ ಪಕ್ಕ, ಧ್ಯಾನ ಶಿಬಿರ ನಡೆದಿತ್ತು. ಅಷ್ಟು ಎತ್ತರದಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಪೊಂಗಲ್ ಮಾಡಲು ಅಡುಗೆಯ ಪಾರಕ್ಕ ಮೂರಕ್ಕೇ ಏಳುತ್ತಿದ್ದಳು.

“ನಾಳೆಯಿಂದ ಐದರಿಂದ ಏಳರವರೆಗೆ ನೀನೂ ಧ್ಯಾನಕ್ಕೆ ಕೂರಬೇಕು,” ಎಂದರು ಗುರುಗಳು.

“ಹಾಗಾದರೆ ಒಂದಕ್ಕೇ ಏಳಬೇಕು ಸ್ವಾಮಿ. ಮೈ ಕೇಳುವುದಿಲ್ಲ.”

“ಕೂರದವರಿಗೆ ಇಲ್ಲಿ ಕೆಲಸವಿಲ್ಲ.”

ಮರುದಿನ ಪಾರಕ್ಕ ಒಲೆ ಹಚ್ಚದೆ ಬಂದು ಕೂತಳು. ಏಳಕ್ಕೆ ಎಲ್ಲರೂ ಎದ್ದರು. ಅವಳು ಏಳಲಿಲ್ಲ. ಒಂಬತ್ತಾಯಿತು. ಶಿಷ್ಯರು ತಟ್ಟೆ ಹಿಡಿದು ನಿಂತಿದ್ದರು. ಗುರುಗಳು ಅವಳ ಮುಂದೆ ಬಂದು ಕೆಮ್ಮಿದರು.

“ತಿಂಡಿ ಎಲ್ಲಿ ತಾಯಿ?”

ಪಾರಕ್ಕ ಕಣ್ಣು ತೆರೆಯಲಿಲ್ಲ. “ಬಂದ ಯೋಚನೆಯನ್ನು ಹಿಡಿಯಬೇಡಿ, ಹೋಗಲು ಬಿಡಿ ಅಂದಿರಿ. ತಿಂಡಿಯ ಯೋಚನೆ ಮೂರು ಸಲ ಬಂತು ಸ್ವಾಮಿ. ಮೂರು ಸಲವೂ ಬಿಟ್ಟುಬಿಟ್ಟೆ.”

ಗುರುಗಳು ಖಾಲಿ ತಟ್ಟೆಗಳನ್ನು ನೋಡಿದರು.

“ನಾಳೆಯಿಂದ ನೀನು ಧ್ಯಾನಕ್ಕೆ ಬರಬೇಡ. ಆ ಯೋಚನೆಯೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೋ.”