ಮಾಂಸದ ತುಂಡಿಗೆ ಶಿಸ್ತು ಕಲಿಸಿದ ಗೂಬೆ

ಮಿದುಳು ಹೊಸ ಚಲನೆಯನ್ನು ಹೇಗೆ ಕಲಿಯುತ್ತದೆಂದು ತಿಳಿಯಲು ನರವಿಜ್ಞಾನಿ ವಸುಮತಿಯವರು ತಮ್ಮ ಗೂಬೆಗೆ ಒಂದು ಕನ್ನಡಕ ತೊಡಿಸಿದರು. ಅದರಲ್ಲಿ ನೋಡಿದರೆ ಎಲ್ಲವೂ ಇದ್ದ ಜಾಗಕ್ಕಿಂತ ತುಸು ಎಡಕ್ಕೆ ಕಾಣುತ್ತಿತ್ತು. ಗೂಬೆ ಮಾಂಸದ ತುಂಡಿನ ಮೇಲೆ ಎರಗಿತು. ಉಗುರಿಗೆ ಸಿಕ್ಕಿದ್ದು ಬರೀ ನೆಲ.

"ಅಮ್ಮಾ, ಕನ್ನಡಕ ನಿಮಗೆ ಸುಳ್ಳು ತೋರಿಸುತ್ತಿದೆ. ಸ್ವಲ್ಪ ಬಲಕ್ಕೆ ಎರಗಿ," ಎಂದಿತು ಪಕ್ಕದ ಪಂಜರದ ಮೈನಾ.

"ನಮ್ಮ ವಂಶದಲ್ಲಿ ಯಾರ ಗುರಿಯೂ ತಪ್ಪಿಲ್ಲ. ಈ ಮಾಂಸಕ್ಕೇ ಶಿಸ್ತಿಲ್ಲ."

ದಿನಗಟ್ಟಲೆ ಇದೇ ನಡೆಯಿತು. ಹೇಳಿ ಹೇಳಿ ಮೈನಾದ ಗಂಟಲು ಒಣಗಿತು, ಗೂಬೆಯ ಹೊಟ್ಟೆ ಬೆನ್ನಿಗಂಟಿತು. ಆದರೆ ತಪ್ಪಿದಾಗಲೆಲ್ಲ ಗೂಬೆಯ ಕಾಲು ಗೂಬೆಗೇ ತಿಳಿಸದೆ ಕೂದಲೆಳೆಯಷ್ಟು ಬಲಕ್ಕೆ ಸರಿಯುತ್ತಿತ್ತು. ಕಡೆಗೊಂದು ಬೆಳಿಗ್ಗೆ ಮಾಂಸ ಉಗುರಿಗೆ ಸಿಕ್ಕಿತು.

"ಸದ್ಯ, ಕಲಿತಿರಲ್ಲ!" ಎಂದು ಮೈನಾ ನಿಟ್ಟುಸಿರು ಬಿಟ್ಟಿತು.

"ನಾನೇಕೆ ಕಲಿಯಲಿ? ಮಾಂಸ ಕಲಿಯಿತು, ನೆಟ್ಟಗೆ ಕೂರುವುದನ್ನು."

ಮರುದಿನ ವಸುಮತಿಯವರು ಕನ್ನಡಕ ತೆಗೆದರು. ಕಂಡದ್ದಕ್ಕಿಂತ ಬಲಕ್ಕೆ ಎರಗಿ ಪಳಗಿದ್ದ ಕಾಲು ಈಗ ಮಾಂಸವನ್ನು ದಾಟಿ ಆಚೆ ಬಿತ್ತು.

"ನೋಡಿದೆಯಾ? ಎಷ್ಟು ತಿದ್ದಿದರೂ ಹಳೇ ಚಾಳಿ ಬಿಡಲಿಲ್ಲ!" ಎಂದು ಗೂಬೆ ಮಾಂಸವನ್ನು ದುರುಗುಟ್ಟಿ ನೋಡಿತು.

"ಇನ್ನು ನಾನೂ ಮಾಂಸಕ್ಕೇ ಬುದ್ಧಿ ಹೇಳುತ್ತೇನಮ್ಮಾ," ಎಂದಿತು ಮೈನಾ. "ಅದಾದರೂ ಕೇಳೀತು."